ಗದಿಗೆವ್ವನ ಇಂಗ್ಲಿಷ್ ಉಪಚಾರ

ಯಳವತ್ತಿ
೧೮ ಫೆಬ್ರವರಿ ೨೦೨೫

ಅವ್ವಾ,

ನಿನ್ನ ಕಾಲಿಗೆ ನಮಸ್ಕಾರ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ನಡುವೆ ಬಾಯಿ ಹಾಕಿ, ಊಟಕ್ಕೇನು ಮಾಡಿದ್ದೆ ಎಂದು ಕೇಳುತ್ತೀ, ನನ್ನ ಸುದ್ದಿ ಅಲ್ಲೇ ನಿಲ್ಲುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಓದು, ಬೈಯುವುದಿದ್ದರೆ ಆಮೇಲೆ ಬೈ.

ನನ್ನ ಐದನೇ ತರಗತಿಯಲ್ಲಿ ಗದಿಗೆವ್ವ ಅಂತ ಒಬ್ಬಳಿದ್ದಾಳೆ. ಇಂಗ್ಲಿಷ್ ಪಾಠದಲ್ಲಿ ತುಟಿ ಬಿಚ್ಚದ ಹುಡುಗಿ. ಕೆಂಪು ಸೀಮೆಸುಣ್ಣ ತಾ ಎಂದು ಇಂಗ್ಲಿಷಿನಲ್ಲಿ ಹೇಳಿದರೆ ಕೆಂಪನ್ನೇ ತರುತ್ತಾಳೆ. ಅಂದರೆ ತಿಳಿಯುವುದೆಲ್ಲ ತಿಳಿಯುತ್ತದೆ, ಮಾತು ಮಾತ್ರ ಹೊರಗೆ ಬರುವುದಿಲ್ಲ. ಚಿತ್ರ ತೋರಿಸಿದೆ, ಹಾಡು ಕಲಿಸಿದೆ, ಗೆಳತಿಯ ಜೋಡಿ ಕೂರಿಸಿದೆ, ಗದರಿಸದೆ ಉತ್ತರಕ್ಕಾಗಿ ಕಾದೆ. ಊಹೂಂ.

ಅಷ್ಟರಲ್ಲಿ ಮೌಖಿಕ ಪರೀಕ್ಷೆ ಬಂತು. ಮಾತಾಡದವರನ್ನು ದಿನಾ ಒಂದು ತಾಸು ಮೂರನೇ ತರಗತಿಯವರ ಜೊತೆ ಕೂರಿಸಿ ಕಲಿಸಬೇಕೆಂದು ನಮ್ಮ ಹೆಡ್ ಮಾಸ್ತರು ಹುಚ್ಚೀರಪ್ಪ ಸರ್ ತೀರ್ಮಾನಿಸಿದರು. ಅಲ್ಲಿ ಅವಳ ತಮ್ಮ ಹೊನ್ನೇಶ ಕೂತಿರುತ್ತಾನೆ. ಗದಿಗೆವ್ವ ನನ್ನ ಸೆರಗು ಹಿಡಿದು, "ತಮ್ಮನ ಬಾಜೂಕ ಕುಂಡ್ರಂಗಿಲ್ರಿ ಟೀಚರ್, ಶಾಲೀನ ಬಿಡ್ತೀನಿ" ಅಂದಳು. ಹಟಮಾರಿ, ಅಂದ ಹಾಗೆ ಬಿಟ್ಟೇ ಬಿಡುವವಳು. ಸರ್ ಹತ್ತಿರ ಹೋದರೆ, "ಬಾಯಿನ ಬಿಡದಿದ್ರ ನಾ ಏನಂತ ಅಂಕ ಹಾಕ್ಲಿ?" ಎಂದರು. ಅವರದೂ ಖರೆ.

ಆಗ ನಮ್ಮ ಅಮೀರಾ ನೆನಪಾದಳು. ಬೆಟಗೇರಿಯಲ್ಲಿ ನಮ್ಮ ಗೋಡೆಗೆ ಗೋಡೆ ಹತ್ತಿದ ಮನೆಯವಳು, ನಿನ್ನ ರೊಟ್ಟಿ ತಿಂದು ಬೆಳೆದವಳು, ಈಗ ಲಕ್ಷ್ಮೇಶ್ವರದ ಉರ್ದು ಶಾಲೆಯಲ್ಲಿ ಟೀಚರ್. ಹೊಲಕ್ಕೆ ಮುಯ್ಯಿ ಆಳು ಹೋಗುವುದಿಲ್ಲವೇ, ಹಾಗೆ ನನ್ನ ಮಕ್ಕಳ ಪರೀಕ್ಷೆ ಅವಳು, ಅವಳ ಮಕ್ಕಳದ್ದು ನಾನು ಮಾಡುವುದೆಂದು ಮಾತಾಯಿತು. ಸರ್ ಕೂಡ ಒಪ್ಪಿದರು. ಅದಕ್ಕೆ ನಾನೊಂದು ಸುಳ್ಳು ಸೇರಿಸಿದೆ. ಬರುವ ಮೇಡಂಗೆ ಕನ್ನಡ ಒಂದಕ್ಷರವೂ ಬರುವುದಿಲ್ಲ ಎಂದು ಮಕ್ಕಳಿಗೆ ಹೇಳಿದೆ. ಕನ್ನಡದಲ್ಲಿ ನಿನ್ನನ್ನೇ ಜಗಳದಲ್ಲಿ ಸೋಲಿಸುವ ಅಮೀರಾಗೆ.

ನಿನ್ನೆ ಬಂದಳು. ಉಳಿದವರೆಲ್ಲ ಅಷ್ಟಿಷ್ಟು ಮಾತಾಡಿದರು. ಗದಿಗೆವ್ವನಿಗೆ ಹೆಸರು ಕೇಳಿದಳು, ಮೌನ. ಊರು ಕೇಳಿದಳು, ಮೌನ. ಪಕ್ಕದಲ್ಲೇ ಕೂತಿದ್ದ ಸರ್ ಅಂಕ ಹಾಕಲು ಪೆನ್ನಿನ ಮುಚ್ಚಳ ತೆಗೆದರು. ಅಮೀರಾ ಸುಮ್ಮನೆ ಬೆವರು ಒರೆಸಿಕೊಂಡಳು ನೋಡು, ಈ ಹುಡುಗಿ ಥಟ್ಟನೆ ಎದ್ದು ಹೋಗಿ ತಂಬಿಗೆ ತುಂಬಿ ತಂದಳು.

"ವಾಟರ್, ಮೇಡಂ."

ಅಮೀರಾ ದೊಡ್ಡಸ್ತಿಕೆಯಿಂದ "ನೋ, ಥ್ಯಾಂಕ್ಯೂ" ಅಂದಳು. ಒಮ್ಮೆ ಬೇಡವೆಂದರೆ ಬಿಟ್ಟುಬಿಡುವ ಜನವೇ ನಮ್ಮದು?

"ನೋ ನೋ. ಲಿಟಲ್ ಡ್ರಿಂಕ್. ಸನ್ ವೆರಿ ಹಾಟ್. ಯು ಕಮ್ ಫಾರ್. ನಾಟ್ ಡ್ರಿಂಕ್, ಮೈ ಮದರ್ ಆಂಗ್ರಿ."

ತಾಯಿಗೇಕೆ ಸಿಟ್ಟು ಎಂದು ಅಮೀರಾ ಇಂಗ್ಲಿಷಿನಲ್ಲೇ ಕೇಳಿದಳು. "ಯು ಗೆಸ್ಟ್" ಅಂದಳು ಗದಿಗೆವ್ವ, ಇಷ್ಟೂ ತಿಳಿಯದೇ ಎನ್ನುವ ಹಾಗೆ. ನೀರು ಕುಡಿದು ಮುಗಿಯುವಷ್ಟರಲ್ಲಿ ಮನೆ, ಎಮ್ಮೆ, ತಮ್ಮ ಎಲ್ಲದರ ಸುದ್ದಿಯೂ ಬಂತು. ಅಮೀರಾ ಬೇಕೆಂದೇ ಇನ್ನೊಂದು ತಂಬಿಗೆ ತರಿಸಿಕೊಂಡಳು. ಸರ್ ನಗುತ್ತಲೇ ಬಿ ಶ್ರೇಣಿ ಬರೆದು, "ವ್ಯಾಕರಣ ಆಮ್ಯಾಲ ನೋಡೂಣು, ಹೇಳಿದ್ದು ತಿಳೀತಲ್ಲ" ಎಂದರು. ಗದಿಗೆವ್ವ ಐದರಲ್ಲೇ ಕೂರುತ್ತಾಳೆ. ಖುಷಿಗೆ ನನಗೆ ಅಳುವೇ ಬಂತು ಅವ್ವಾ.

ಈಗ ಬೈ. ಅಮೀರಾಗೂ ಒಂದು ಪಾಲು ಇಡು.

ನಿನ್ನ ಸುಳ್ಳುಬುರುಕಿ ಮಗಳು,
ವಿದ್ಯಾಶ್ರೀ

ತಾ.ಕ.: ಪತ್ರ ಮಡಿಚುವಷ್ಟರಲ್ಲಿ ಗದಿಗೆವ್ವ ಬಂದು, ಆ ಮೇಡಂ ಮತ್ತೆ ಯಾವಾಗ ಬರುತ್ತಾರೆಂದು ಕೇಳಿದಳು. ಬಂದರೆ ಇಂಗ್ಲಿಷಿನಲ್ಲೇ ಮಾತಾಡಬೇಕು ನೋಡು ಎಂದೆ. ತಲೆ ಬಗ್ಗಿಸಿ ನಕ್ಕಳು. "ಅವ್ರಿಗೆ ಕನ್ನಡ ಬರ್ತೈತ್ರಿ. ನಿನ್ನೆ ಬಸ್ ಇಳದು ನಮ್ಮವ್ವನ್ನ ಶಾಲಿ ಹಾದಿ ಕೇಳಿದ್ರು, ನಾ ಅಲ್ಲೇ ಇದ್ದೆ." ಹಾಗಾದರೆ ಕನ್ನಡದಲ್ಲೇ ಯಾಕೆ ಮಾತಾಡಲಿಲ್ಲ ಎಂದು ಕೇಳಿದೆ. "ಎಲ್ಲಾರ ಮುಂದ ನಿಮ್ಮಿಬ್ರ ಮರ್ಯಾದಿ ಹೋಗ್ತಿತ್ತಲ್ರಿ ಟೀಚರ್" ಅಂದಳು.