ಮೆದುಳಿನಲ್ಲೊಂದು ಕುರ್ಚಿ

ಮಹಾಜನಗಳೇ! "ಗಾಂಜಾ ಬರೀ ಸೊಪ್ಪು, ಬೇಡ ಅಂದವನೇ ಬೆಪ್ಪು" ಎಂದು ಪ್ರಾಸ ಕಟ್ಟಿ, ಈಗ ನಾಪತ್ತೆಯಾಗಿರುವ ನನ್ನ ಗೆಳೆಯ, ಔಷಧದಂಗಡಿಯವನು, ಅಂದರೆ ನೀನೇ, ಇಂದಿನ ಆರೋಪಿ.

"ಮೆದುಳಲ್ಲೇ ಅದಕ್ಕೆ ರಿಸೆಪ್ಟರ್ ಇದೆ, ಪ್ರಕೃತಿಯೇ ಕುರ್ಚಿ ಹಾಕಿಟ್ಟಿದೆ ಕಣೋ" ಎಂದು ನನ್ನ ತಮ್ಮನಿಗೆ ಗುಟ್ಟಾಗಿ ಸೇದಿಸಿದವನು ನೀನು. ಇವತ್ತು ಆಸ್ಪತ್ರೆಯಲ್ಲಿ ತಮ್ಮನನ್ನು ನೋಡುತ್ತಿರುವ ಮನೋವೈದ್ಯೆ ಹೇಳಿದರು: "ಕುರ್ಚಿ ಇರೋದು ನಿಜ. ಆದರೆ ಅದು ಮೆದುಳು ತಾನೇ ತಯಾರಿಸೋ ವಸ್ತುವಿಗೆ. ಗಾಂಜಾ ಬಂದು ಅಲ್ಲಿ ಕೂತ್ರೆ ಕೆಲವರಿಗೆ ಇಲ್ಲದ ದನಿ ಕೇಳಿಸುತ್ತೆ."

ವಾರ್ಡಿಗೆ ಹೋಗಿ ತಮ್ಮನ ಮಂಚದ ಪಕ್ಕದ ಕುರ್ಚಿಯಲ್ಲಿ ಕೂತೆ. "ಏಳಣ್ಣ, ಅದು ಅವನ ಕುರ್ಚಿ. ಬರ್ತಾನಂತೆ, ಈಗಷ್ಟೇ ಕಿವಿಯಲ್ಲಿ ಹೇಳಿದ" ಎಂದು ನಿನ್ನ ಹೆಸರು ಹೇಳಿದ.

ಎದ್ದು ನಿಂತೆ. ಇಲ್ಲಿ ಮಹಾಜನರೂ ಇಲ್ಲ, ವಿಚಾರಣೆಯೂ ಇಲ್ಲ. ನೀನು ಬಂದೀಯೇನೋ ಎಂದು ತಮ್ಮನಿಗಿಂತ ಹೆಚ್ಚು ಸಲ ಬಾಗಿಲ ಕಡೆ ನೋಡಿದವನು ನಾನು.