ಎಡಗೆನ್ನೆಗೂ ಅರಿಶಿನ

ಹೆಬ್ಬಾಳ, ಮೈಸೂರು
ಭಾನುವಾರ

ಪ್ರೀತಿಯ ಅಕ್ಕನಿಗೆ,

ಧರಣಿಯ ಮದುವೆಗೆಂದು ನೀನು ನಮ್ಮನೆಯಲ್ಲಿ ಇಟ್ಟುಹೋದ ಅರಿಶಿನದ ಡಬ್ಬಿಯಿಂದ ಎರಡು ಚಮಚ ಕದ್ದವನು ನಾನೇ ಎಂದು, ಯಾರ ಬಲವಂತವೂ ಇಲ್ಲದೆ, ಈ ಮೂಲಕ ಒಪ್ಪಿಕೊಳ್ಳುತ್ತೇನೆ. ಫೋನಿನಲ್ಲಿ ಹೇಳಿದರೆ ನಡುವೆ ನಗ್ತೀಯ, ಅದಕ್ಕೇ ಪತ್ರ.

ಕದ್ದದ್ದು ರಿಹರ್ಸಲ್‌ಗೆ ಕಣಕ್ಕ. ಈ ಮುಖದ ನರದ ನೋವು ಶುರುವಾದಾಗಿನಿಂದ ನಾಲ್ಕು ವರ್ಷ, ಎಡಗೆನ್ನೆಗೆ ಗಾಳಿ ಸೋಕಿದರೂ ಕರೆಂಟ್ ಹೊಡೆದಂತಾಗುತ್ತಿತ್ತು. ಯಾರ ಮನೆಯ ಅರಿಶಿನ ಶಾಸ್ತ್ರಕ್ಕೂ ನಾನು ಹೋಗಲಿಲ್ಲ. ಈಗ ಡಾಕ್ಟರಮ್ಮ ದಿನಕ್ಕೆ ಆರಿದ್ದ ಗುಳಿಗೆಯನ್ನು ತಿಂಗಳು ತಿಂಗಳೂ ಇಳಿಸುತ್ತಾ ಬಂದು, ಹೋದ ಸೋಮವಾರ ಪೂರ್ತಿ ನಿಲ್ಲಿಸಿದರು. ಇವತ್ತಿಗೆ ಆರು ದಿನ, ಒಂದು ಸಲವೂ ನೋವಿಲ್ಲ. ಬಸ್ಸಿನಲ್ಲಿ ಕಿಟಕಿ ಪಕ್ಕವೇ ಕೂತು ಕೆಲಸಕ್ಕೆ ಹೋಗ್ತಿದ್ದೀನಿ. “ಗುಳಿಗೆ ಹೋಗಿ ಗುಳಿಕೆನ್ನೆ ಬಂತು ಕಣ್ರೀ” ಅಂತ ಸಂಘಮಿತ್ರ ತನ್ನ ಈ ಗಂಡನನ್ನು ರೇಗಿಸುತ್ತಾಳೆ.

ಆದ್ದರಿಂದ ಗುರುವಾರದ ಶಾಸ್ತ್ರದಲ್ಲಿ ಸೋದರಮಾವನಿಗೆ ಯಾವ ರಿಯಾಯಿತಿಯೂ ಬೇಡ. ಎರಡೂ ಕೆನ್ನೆಗೆ ಧಾರಾಳವಾಗಿ ಬಳಿಯಬೇಕೆಂದು ಹುಡುಗಿಯರಿಗೆಲ್ಲ ಹೇಳಿಬುಡು. ನಿನ್ನ ತಮ್ಮ ಈಗ ಯಾವ ಕೈಗೂ ಹೆದರುವವನಲ್ಲ.

ರಿಹರ್ಸಲ್‌ನಲ್ಲೂ ಒಂಚೂರು ನೋಯಲಿಲ್ಲ. ಯಾಕೆಂದರೆ ಸಂಘಮಿತ್ರಳ ಅರಿಶಿನದ ಕೈ ಇನ್ನೂ ಗೇಣು ದೂರದಲ್ಲಿರುವಾಗಲೇ ನಾನು ಕಿರುಚಿಕೊಂಡು ಓಡಿ, ಬಚ್ಚಲುಮನೆ ಸೇರಿ ಚಿಲಕ ಹಾಕಿಕೊಂಡೆ. ಕದ್ದ ಅರಿಶಿನವೆಲ್ಲ ಬಾಗಿಲಿಗೆ ಬಿತ್ತು.

ಮೊದಲ ಕೈ ನಿನ್ನದೇ ಇರಲಿ ಅಕ್ಕ. ಶಾಸ್ತ್ರ ಮುಗಿಯುವವರೆಗೆ ನಿಮ್ಮ ಬಚ್ಚಲುಮನೆಗೆ ಬೀಗ ಹಾಕಿರು.

ಇತಿ ನಿನ್ನ ಧೈರ್ಯಶಾಲಿ ತಮ್ಮ,
ಶಿವರಾಮು