ಸೀಲು ಭದ್ರವಾಗಿದೆಯೇ ಎಂದು ನೋಡಲು ಸೀಲು ಒಡೆದವರಿಗೆ

ಮಾನ್ಯ ಮಾದರಿ ಸ್ವೀಕಾರ ವಿಭಾಗದ ಮುಖ್ಯಾಧಿಕಾರಿಗಳೇ,

ನ್ಯಾಯಾಲಯದ ಆದೇಶದಂತೆ ಡಿಎನ್‌ಎ ಪರೀಕ್ಷೆಗೆ ಹೋಗಬೇಕಿದ್ದ ನನ್ನ ಮಗನ ಪೊಟ್ಟಣವನ್ನು ನಿಮ್ಮ ಕಚೇರಿಯಲ್ಲಿ ಒಡೆದಿದ್ದಾರೆ. ಒಡೆದದ್ದು ಕಳ್ಳರಲ್ಲ, ಇಲಿಯೂ ಅಲ್ಲ. ಸೀಲು ಭದ್ರವಾಗಿದೆಯೇ ಎಂದು ನೋಡಲು ನಿಮ್ಮ ಗುಮಾಸ್ತರೇ ಸೀಲು ಒಡೆದರು. ಭದ್ರವಾಗಿಯೇ ಇತ್ತಂತೆ. ಹಾಗೆಂದು ಷರಾ ಬರೆದು, ಸಹಿ ಹಾಕಿ ಪ್ರಯೋಗಾಲಯಕ್ಕೆ ಕಳಿಸಿದರು. ಅಲ್ಲಿಯವರು ‘ಸೀಲು ಒಡೆದಿದೆ, ಪರೀಕ್ಷೆಗೆ ಸ್ವೀಕರಿಸಲಾಗದು’ ಎಂದು ವಾಪಸು ಕಳಿಸಿದರು. ನಿಯಮದ ಪ್ರಕಾರ ಇಬ್ಬರೂ ಸರಿ ಎಂದು ನಿಮ್ಮ ಉತ್ತರದಲ್ಲಿ ಬರೆದಿದ್ದೀರಿ. ಸಂತೋಷ. ಇಬ್ಬರ ನಡುವೆ ಕೆಟ್ಟುಹೋದದ್ದು ನನ್ನ ಮಗ ಮಾತ್ರ.

ನಾನು ಓದಿದ್ದು ಕಡಿಮೆ. ದಿನಚರಿ ಬರೆಯುವ ಅಭ್ಯಾಸವಿದೆ, ಆದರೆ ನಾಲ್ಕು ಜನ ಓದಲಿ ಎಂದು ಬರೆಯುತ್ತಿರುವುದು ಇದೇ ಮೊದಲು. ನನ್ನ ಮಗ ಲಿಫ್ಟ್ ರಿಪೇರಿ ಮಾಡುತ್ತಿದ್ದ. ಕತ್ತಿನಲ್ಲಿ ಗಂಟು ಕಾಣಿಸಿತು. ಆಸ್ಪತ್ರೆಯವರು ಪರೀಕ್ಷೆಗೆಂದು ಅದರಲ್ಲಿ ಒಂದು ಚೂರು ಕತ್ತರಿಸಿಕೊಂಡರು. ಹುಷಾರಾದ ಮೇಲೆ ಮದುವೆ ಎಂದು ಅವನೂ ಆ ಹುಡುಗಿಯೂ ಮಾತಾಡಿಕೊಂಡಿದ್ದರು. ಅವನು ಹುಷಾರಾಗಲಿಲ್ಲ. ಮಗು ಹುಟ್ಟುವ ಹೊತ್ತಿಗೆ ಅವನಿರಲಿಲ್ಲ. ಈಗ ಆ ಹುಡುಗಿ, ಮಗು, ನಾನು ಒಂದೇ ಮನೆಯಲ್ಲಿದ್ದೇವೆ. ಅವಳನ್ನು ನಾನು ಸೊಸೆ ಎಂದಾಗಲೆಲ್ಲ ನಿಮ್ಮ ಗುಮಾಸ್ತರಿಗೆ ಕೆಮ್ಮು ಬರುತ್ತದೆ. ಮೊಮ್ಮಗಳ ಜನನ ಪ್ರಮಾಣಪತ್ರದಲ್ಲಿ ತಂದೆಯ ಹೆಸರಿನ ಜಾಗದಲ್ಲಿ ಒಂದು ಗೀಟು ಎಳೆದಿದ್ದಾರೆ. ಆ ಗೀಟಿನ ಜಾಗಕ್ಕೆ ನನ್ನ ಮಗನ ಹೆಸರು ಬರಬೇಕು. ನಾವು ಕೇಳುತ್ತಿರುವುದು ಇಷ್ಟೇ.

ಇದಕ್ಕೆ ಎದುರು ನಿಂತವರು ಯಾರು? ಹೆತ್ತವಳು ಹೌದು ಎನ್ನುತ್ತಾಳೆ. ನಾನು ಹೌದು ಎನ್ನುತ್ತೇನೆ. ನಮ್ಮ ಜೊತೆ ಮಾತು ಬಿಟ್ಟಿರುವ ಪಕ್ಕದ ಮನೆಯಾಕೆಯೂ ಮಗುವಿನ ಕಿವಿ ನೋಡಿ ಹೌದು ಎನ್ನುತ್ತಾಳೆ. ಇಡೀ ಊರಿನಲ್ಲಿ ಅನುಮಾನ ಇರುವುದು ಕಚೇರಿಗೆ ಮಾತ್ರ. ಮೊದಲು ನಾವು ತಿಳಿಯದೆ ಅಂಚೆಯ ಮೂಲಕ ಒಂದು ಖಾಸಗಿ ಪರೀಕ್ಷೆ ಮಾಡಿಸಿದ್ದೆವು. ನನ್ನ ಕೆನ್ನೆಯ ಒಳಗೂ ಮಗುವಿನ ಕೆನ್ನೆಯ ಒಳಗೂ ಹತ್ತಿಕಡ್ಡಿ ಆಡಿಸಿ ಕಳಿಸಿದೆವು. ನಾನು ಅಜ್ಜಿಯೇ ಎಂದು ಫಲಿತಾಂಶ ಬಂತು. ಅದನ್ನು ತಂದು ತೋರಿಸಿದಾಗ ನಿಮ್ಮ ಗುಮಾಸ್ತರು ಕೇಳಿದರು:

“ಕಡ್ಡಿ ಆಡಿಸುವಾಗ ಯಾರು ನೋಡಿದ್ರು?”

“ನಾನೇ ನೋಡಿದೆನಲ್ಲಪ್ಪ.”

“ನೀವು ಲೆಕ್ಕಕ್ಕಿಲ್ಲಮ್ಮ.”

ಒಪ್ಪಿಕೊಂಡೆ. ಯಾರದೋ ಕೆನ್ನೆಯ ಕಡ್ಡಿಯನ್ನು ಯಾರ ಹೆಸರಲ್ಲೋ ಕಳಿಸುವವರೂ ಇರಬಹುದು. ಕೋರ್ಟಿಗೆ ಎಚ್ಚರ ಬೇಕು. ಆಸ್ಪತ್ರೆಯಲ್ಲಿ ಮಗನ ಆ ಚೂರನ್ನು ಮೇಣದಲ್ಲಿ ಹುದುಗಿಸಿ ಇಟ್ಟಿದ್ದಾರೆಂದು ಆಗಲೇ ತಿಳಿದದ್ದು. ತಂದೆಯ ಮಾದರಿಯೇ ಇರುವಾಗ ಅಜ್ಜಿಯದೇಕೆ, ಅದನ್ನೇ ಪರೀಕ್ಷಿಸಿ ಎಂದು ನ್ಯಾಯಾಧೀಶರು ಆದೇಶ ಕೊಟ್ಟರು. ಅದರಲ್ಲಿ ಸ್ವಲ್ಪ ಕತ್ತರಿಸಿ, ಸಾಕ್ಷಿಗಳ ಮುಂದೆ ಸೀಲು ಮಾಡಿ, ಆಸ್ಪತ್ರೆಯ ನೌಕರರೊಬ್ಬರು ನಿಮ್ಮಲ್ಲಿಗೆ ತಂದರು. ಸೊಸೆ, ನಾನು ಅವರ ಹಿಂದೆಯೇ ಬಂದೆವು, ದಿಬ್ಬಣದ ಹಾಗೆ.

ನಿಮ್ಮ ಗುಮಾಸ್ತರು ಡ್ರಾಯರಿನಿಂದ ಕತ್ತರಿ ತೆಗೆದರು.

“ಅಯ್ಯೋ ಸಾರ್, ಬಿಚ್ಚಬಾರದಂತೆ!” ಎಂದಳು ಸೊಸೆ.

“ಒಳಗೇನಿದೆ ಅಂತ ನೋಡದೆ ಸೈನ್ ಹಾಕೋಕೆ ನಾನೇನು ನಿನ್ನೆ ಮೊನ್ನೆ ಸೇರಿದವನಾ? ನಾಳೆ ಖಾಲಿ ಇತ್ತು ಅಂದ್ರೆ ನನ್ನ ತಲೆಗೆ ಬರುತ್ತೆ.”

“ಮೇಲೇ ಬರೆದಿದಾರಲ್ಲ ಸಾರ್, ಒಡೆಯಬಾರದು ಅಂತ.”

“ಅದು ಪಬ್ಲಿಕ್ಕಿಗೆ ತಾಯಿ. ನಾವು ಆಫೀಸು.”

ಕತ್ತರಿಸಿದರು. ಪುಟ್ಟ ಡಬ್ಬಿಯನ್ನು ಬೆಳಕಿಗೆ ಹಿಡಿದು ನೋಡಿದರು. “ಇಷ್ಟೇನಾ?” ಎಂದರು.

ಹೌದು ಸ್ವಾಮಿ, ಇಷ್ಟೇ. ಅಂದು ಹೇಳಬೇಕಿದ್ದದ್ದನ್ನು ಈಗ ಬರೆಯುತ್ತಿದ್ದೇನೆ.

ಆಮೇಲೆ ಅವರು ಟೇಪು ಅಂಟಿಸಿದರು. ಬಹಳ ನೀಟಾಗಿ ಅಂಟಿಸಿದರು, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ.

ಮೊನ್ನೆ ಮತ್ತೆ ಆಸ್ಪತ್ರೆಗೆ ಹೋಗಿದ್ದೆ. ಅಲ್ಲಿನ ಲ್ಯಾಬಿನ ಹುಡುಗಿ ನನ್ನನ್ನು ಕೂರಿಸಿ, “ಅಮ್ಮಾ, ಇನ್ನೊಂದು ಸಲ ಕಳಿಸೋಕೆ ಆಗೋಷ್ಟು ಉಳಿದಿದೆ. ಅದಾದ ಮೇಲೆ ಏನೂ ಇರಲ್ಲ,” ಎಂದಳು.

ನನ್ನ ಮಗ ಚಿಕ್ಕವನಿದ್ದಾಗ ಮನೆಯಲ್ಲಿ ಮುಚ್ಚಿದ್ದನ್ನೆಲ್ಲ ಬಿಚ್ಚುತ್ತಿದ್ದ. ಟಾರ್ಚು, ಅಲಾರಾಂ ಗಡಿಯಾರ, ನನ್ನ ಹೊಲಿಗೆ ಯಂತ್ರ, ಯಾವುದನ್ನೂ ಬಿಡುತ್ತಿರಲಿಲ್ಲ. ಬೈದರೆ “ನೋಡ್ತೀನಿ ಅಷ್ಟೇ ಅಮ್ಮ” ಎನ್ನುತ್ತಿದ್ದ. ಆದ್ದರಿಂದ ನಿಮ್ಮ ಗುಮಾಸ್ತರ ಮೇಲೆ ನನಗೆ ಪೂರ್ತಿ ಸಿಟ್ಟು ಬರುವುದಿಲ್ಲ. ಆದರೆ ಅವನು ಬಿಚ್ಚಿದ್ದು ಮತ್ತೆ ಓಡುತ್ತಿತ್ತು. ಕಳೆದ ವಾರ ಮೊಮ್ಮಗಳು ಚಮಚದ ಹಿಡಿಯಿಂದ ಅದೇ ಗಡಿಯಾರದ ಬೆನ್ನು ಕಳಚಿ, ಒಳಗೆ ಮುಖವಿಟ್ಟು ಕೂತಿದ್ದಳು. ಸೊಸೆಯೂ ನಾನೂ ಬೈಯಲು ಬಾಯಿ ತೆರೆದವರು ಹಾಗೇ ನಿಂತೆವು. ಇದು ಸಾಕ್ಷ್ಯವಲ್ಲ ಎಂದು ಗೊತ್ತು. ಸಾಕ್ಷ್ಯವೆಂದು ಕೊಡುತ್ತಲೂ ಇಲ್ಲ, ಸುಮ್ಮನೆ ಹೇಳಿದೆ.

ಈಗ ನನ್ನ ಬೇಡಿಕೆ. ಉಳಿದ ಆ ಚೂರು ಬಂದ ದಿನ ನೀವೇ ಕುರ್ಚಿಯಿಂದ ಎದ್ದು ಬನ್ನಿ. ಹೊರಗಿನಿಂದ ನೋಡಿ, ಸಹಿ ಹಾಕಿ, ಹಾಗೆಯೇ ಪ್ರಯೋಗಾಲಯಕ್ಕೆ ಕಳಿಸಿ. ಹಾಗೆಂದು ಈಗಲೇ ಬರೆದು ಕೊಡಿ. ನಿಮ್ಮ ಕಾಗದ ಕೈಸೇರುವವರೆಗೆ ಆಸ್ಪತ್ರೆಯಿಂದ ಅದನ್ನು ಕದಲಿಸಲು ನಾನು ಒಪ್ಪುವುದಿಲ್ಲ. ಗುಮಾಸ್ತರಿಗೆ ಶಿಕ್ಷೆ ಬೇಡ. ಅವರ ಕತ್ತರಿಯನ್ನು ಆ ಒಂದು ದಿನ ನಿಮ್ಮ ಬಳಿ ಇಟ್ಟುಕೊಂಡರೆ ಸಾಕು. ಒಳಗೇನಿದೆ ಎಂದು ನೋಡಲೇಬೇಕು ಅನ್ನಿಸಿದರೆ ನನಗೆ ಹೇಳಿ ಕಳಿಸಿ. ಮೊಮ್ಮಗಳನ್ನು ಕರೆತರುತ್ತೇನೆ. ಅವಳನ್ನು ಎಷ್ಟು ಹೊತ್ತು ಬೇಕಾದರೂ ನೋಡಿ.

ಇಂತಿ,
ನಿಮ್ಮ ಕಡತದಲ್ಲಿ ಇನ್ನೂ ಸಾಬೀತಾಗದ ಅಜ್ಜಿ